ಪರ್ಷಿಯನ್ ಹೊಸ ಕವಿತೆ ಓದುವ ಬಗೆ: ಸದ್ದಿನ ಜೋಡಿ, ಮಾತಿನ ಜೋಡಿ

ಫ಼ೊರೂಗ್ ಫ಼ರ್ರೊಖ್‌ಜ಼ಾದ್, ಸೊಹ್ರಾಬ್ ಸೆಪೆಹ್ರಿ, ಅಹ್ಮದ್ ಶಾಮ್ಲೂ. ಇರಾನಿನ ಈ ಕವಿಗಳನ್ನು ನಮ್ಮಲ್ಲಿ ಓದಿದವರು ಹೆಚ್ಚಾಗಿ ಇಂಗ್ಲಿಷಿನಲ್ಲೇ ಓದಿರುತ್ತಾರೆ. ಅರ್ಥ ತಿಳಿಯುತ್ತದೆ. ಒಳ್ಳೊಳ್ಳೆಯ ಚಿತ್ರಗಳೂ ಸಿಗುತ್ತವೆ. ಆದರೂ ಅಲ್ಲಿನ ಜನ ಈ ಸಾಲುಗಳನ್ನು ಬಾಯಿಪಾಠ ಹೇಳುತ್ತಾರಲ್ಲ, ಅದು ಯಾಕೆ ಅನ್ನೋದು ಮಾತ್ರ ಅನುವಾದದಲ್ಲಿ ಗೊತ್ತಾಗುವುದಿಲ್ಲ. ಉತ್ತರ ಮೂಲದ ಸದ್ದಿನಲ್ಲಿದೆ. ಯಾವ ಮಾತಿನ ಪಕ್ಕ ಯಾವ ಮಾತನ್ನು ಕೂರಿಸಿದ್ದಾರೆ ಅನ್ನುವುದರಲ್ಲಿದೆ.

ಪರ್ಷಿಯನ್ ಬಾರದವರು, ಇಲ್ಲವೇ ಈಗಷ್ಟೇ ಅಕ್ಷರ ಕಲಿಯುತ್ತಿರುವವರು ಈ ಜೋಡಿಗಳನ್ನು ಹೇಗೆ ಹಿಡಿಯಬಹುದು ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಒಂದು ಕವಿತೆಯ ನಾಲ್ಕೈದು ಸಾಲು, ಅದರ ಅರ್ಥ, ಒಂದು ಪೆನ್ಸಿಲ್ ಇದ್ದರೆ ಸಾಕು. ಜೊತೆಗೆ ಯಾರಾದರೂ ಓದಿದ ಧ್ವನಿಮುದ್ರಣ ಸಿಕ್ಕರೆ ಇನ್ನೂ ಒಳ್ಳೆಯದು. ಶಾಮ್ಲೂ, ಅಖವಾನ್, ಫ಼ೊರೂಗ್ ಮೂವರೂ ತಮ್ಮ ಕವಿತೆಗಳನ್ನು ತಾವೇ ಓದಿದ ಮುದ್ರಣಗಳಿವೆ.

ಮೊದಲು ಸ್ವಲ್ಪ ಹಿನ್ನೆಲೆ

ಹಳೆಯ ಪರ್ಷಿಯನ್ ಪದ್ಯದಲ್ಲಿ ಎರಡು ಸಮ ಅಳತೆಯ ಅರ್ಧಗಳು ಸೇರಿ ಒಂದು ‘ಬೇತ್’. ಕೊನೆಯಲ್ಲಿ ಪ್ರಾಸ, ಅದಕ್ಕೆ ‘ಕಾಫ಼ಿಯೆ’ ಎಂದು ಹೆಸರು. ಎಷ್ಟೋ ಸಲ ಪ್ರಾಸದ ಬೆನ್ನಿಗೆ ಅದೇ ಪದ ಪ್ರತಿ ಸಲವೂ ಮರಳುತ್ತದೆ, ಅದು ‘ರದೀಫ಼್’. ಗಜಲ್ ಕೇಳಿದವರಿಗೆ ಇದು ಗೊತ್ತಿರುತ್ತದೆ.

ಈ ಚೌಕಟ್ಟನ್ನು ಸಡಿಲ ಮಾಡಿದವನು ನೀಮಾ ಯೂಶೀಜ್ (1897–1960). ಕ್ಯಾಸ್ಪಿಯನ್ ಸಮುದ್ರದ ಕಡೆಯ ಮಾಜ಼ಂದರಾನ್ ಸೀಮೆಯ ಯೂಶ್ ಎಂಬ ಹಳ್ಳಿಯವನು. ಅವನು ಛಂದಸ್ಸನ್ನು ಬಿಡಲಿಲ್ಲ. ಗಣವನ್ನು ಹಾಗೇ ಇಟ್ಟುಕೊಂಡು, ಒಂದು ಸಾಲಿನಲ್ಲಿ ಎಷ್ಟು ಗಣ ಇರಬೇಕು ಅನ್ನುವುದನ್ನು ಮಾತ್ರ ಬಿಡುವು ಮಾಡಿದ. ಪ್ರಾಸ ಬೇಕಾದಾಗ ಬಂತು, ಬೇಡವಾದಾಗ ಸುಮ್ಮನಿತ್ತು. ಆಮೇಲೆ ಬಂದ ಶಾಮ್ಲೂ (1925–2000) ಗಣವನ್ನೂ ಬಿಟ್ಟ. ಅವನ ಬಗೆಯ ಕವಿತೆಗೆ ‘ಶೆಅರ್-ಎ ಸೆಪೀದ್’, ಅಂದರೆ ಬಿಳಿ ಕವಿತೆ, ಎನ್ನುತ್ತಾರೆ. ನಮ್ಮಲ್ಲಿ ಗೋವಿಂದ ಪೈ ಆದಿಪ್ರಾಸ ಕೈಬಿಟ್ಟ ಕತೆ ನೆನಪಿದ್ದವರಿಗೆ ಅಲ್ಲಿ ಎಷ್ಟು ಜಗಳ ಆಗಿರಬಹುದು ಅಂತ ಹೇಳಬೇಕಾಗಿಲ್ಲ.

ನನ್ನ ಮಟ್ಟಿಗೆ ಮುಖ್ಯ ಸಂಗತಿ ಇದು. ಸಾಲಿನ ಕೊನೆಯಲ್ಲಿದ್ದ ಕಟ್ಟು ಸಡಿಲವಾದಷ್ಟೂ ಸಾಲಿನ ಒಳಗಿನ ಕಟ್ಟು ಬಿಗಿಯಾಯಿತು. ಹಿಂದೆ ಪ್ರಾಸ ಮಾಡುತ್ತಿದ್ದ ಕೆಲಸವನ್ನು ಈಗ ಒಳಗಿನ ಸದ್ದುಗಳು, ಅಕ್ಕಪಕ್ಕದ ಮಾತುಗಳು ಮಾಡುತ್ತವೆ. ಹಾಗಾಗಿ ಹೊಸ ಕವಿತೆಯಲ್ಲಿ ಸಾಲಿನ ಕೊನೆಗಿಂತ ಸಾಲಿನ ನಡುವೆ ಜಾಸ್ತಿ ಹುಡುಕಬೇಕು.

ಹಂತ 1: ಸಾಲನ್ನು ಕನ್ನಡದಲ್ಲಿ ಬರೆದುಕೊಳ್ಳಿ

ಪರ್ಷಿಯನ್ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಎರಡು ಪದಗಳನ್ನು ಬೆಸೆಯುವ ‘ಎ’ ಎಂಬ ಸದ್ದನ್ನೂ ಹೆಚ್ಚಾಗಿ ಬರೆಯುವುದಿಲ್ಲ. ಓದುವವರೇ ತುಂಬಿಕೊಳ್ಳಬೇಕು. ಕನ್ನಡ ಲಿಪಿಯಲ್ಲಿ ಸ್ವರಗಳು ಕಣ್ಣಿಗೆ ಕಾಣುತ್ತವೆ. ಅದಕ್ಕೇ ಈ ಕೆಲಸಕ್ಕೆ ನಮ್ಮ ಲಿಪಿ ತುಂಬಾ ಅನುಕೂಲ. ಇಲ್ಲಿ ‘ಜ಼’ ಮತ್ತು ‘ಫ಼’ ಕೆಳಗಿನ ಚುಕ್ಕೆಗಳನ್ನು ಗಮನಿಸಿ. ‘ಖ’ ಬಂದಾಗ ಗಂಟಲಿನಿಂದ ಉಜ್ಜಿದಂತೆ ಹೇಳಿ.

ಇನ್ನೊಂದು ವಿಷಯ. ಪರ್ಷಿಯನ್‌ನಲ್ಲಿ ‘ಜ಼’ ಸದ್ದಿಗೆ ನಾಲ್ಕು ಅಕ್ಷರ, ‘ಸ’ ಸದ್ದಿಗೆ ಮೂರು. ಅರಬ್ಬಿಯಿಂದ ಬಂದ ಅಕ್ಷರಗಳು ಉಳಿದುಕೊಂಡವು, ಅವುಗಳ ಬೇರೆ ಬೇರೆ ಉಚ್ಚಾರ ಉಳಿಯಲಿಲ್ಲ. ಆದ್ದರಿಂದ ಪುಟ ನೋಡುತ್ತಾ ಒಂದೇ ಅಕ್ಷರ ಎಣಿಸಿದರೆ ಅರ್ಧ ಜೋಡಿಗಳು ತಪ್ಪಿಹೋಗುತ್ತವೆ. ಫ಼ೊರೂಗ್‌ಳ ಈ ಸಾಲು ನೋಡಿ:

ಗೂಶ್ ಕೊನ್
ವಜ಼ೆಶ್-ಎ ಜ಼ೊಲ್ಮತ್ ರಾ ಮೀಶೆನವೀ?

(ಕೇಳು, ಕತ್ತಲು ಬೀಸುವುದು ಕೇಳಿಸುತ್ತಿದೆಯಾ?)

‘ವಜ಼ೆಶ್’ ಅಂದರೆ ಬೀಸುವಿಕೆ, ‘ಜ಼ೊಲ್ಮತ್’ ಅಂದರೆ ಕತ್ತಲು. ಎರಡರಲ್ಲೂ ‘ಜ಼’ ಇದೆ. ಬರೆಯುವಾಗ ಮಾತ್ರ ಒಂದರಲ್ಲಿ ‘ಜ಼ೆ’, ಇನ್ನೊಂದರಲ್ಲಿ ‘ಜ಼ಾ’ ಎಂಬ ಬೇರೆ ಬೇರೆ ಅಕ್ಷರ. ಕಣ್ಣಿಗೆ ಜೋಡಿಯೇ ಇಲ್ಲ, ಕಿವಿಗೆ ಇದೆ. ಅದರ ಜೊತೆ ‘ಗೂಶ್’, ‘ವಜ಼ೆಶ್’, ‘ಮೀಶೆನವೀ’ ಮೂರರಲ್ಲಿ ‘ಶ’ ಸುಯ್ಯೆನ್ನುತ್ತದೆ. ಗಾಳಿ ಎಂಬ ಪದವೇ ಈ ಸಾಲಿನಲ್ಲಿಲ್ಲ. ಆದರೂ ಗಾಳಿ ಕೇಳಿಸುತ್ತದೆ, ಅಲ್ವಾ?

ಹಂತ 2: ವ್ಯಂಜನಕ್ಕೆ ಗೆರೆ ಎಳೆಯಿರಿ

ಒಂದೇ ಸದ್ದು ಹತ್ತಿರ ಹತ್ತಿರ ಮರಳುವುದಕ್ಕೆ ಅವರು ‘ವಾಜ್-ಆರಾಯೀ’ ಎನ್ನುತ್ತಾರೆ. ನಮ್ಮ ಅನುಪ್ರಾಸವೇ ಎಂದುಕೊಳ್ಳಿ. ಇದು ಹೊಸ ಕವಿಗಳ ಕಂಡುಹಿಡಿತವೇನಲ್ಲ. 11ನೇ ಶತಮಾನದ ಮನೂಚೆಹ್ರಿ ಶರತ್ಕಾಲದ ಬಗ್ಗೆ ಬರೆದ ಸಾಲು ಇವತ್ತಿಗೂ ಇರಾನಿನ ಶಾಲೆಗಳಲ್ಲಿ ಉದಾಹರಣೆಯಾಗಿ ಬರುತ್ತದೆ:

ಖೀಜ಼ೀದ್-ಒ ಖಜ಼್ ಆರೀದ್ ಕೆ ಹೆಂಗಾಮ್-ಎ ಖಜ಼ಾನ್ ಅಸ್ತ್

(ಏಳಿ, ತುಪ್ಪಳದ ಬಟ್ಟೆ ತನ್ನಿ, ಎಲೆ ಉದುರುವ ಕಾಲ ಬಂತು.) ಖ, ಜ಼, ಖ, ಜ಼. ಒಣಗಿದ ಎಲೆ ತುಳಿದಂತೆ ಕೇಳುತ್ತದೆ. ಗಟ್ಟಿಯಾಗಿ ಒಮ್ಮೆ ಹೇಳಿ ನೋಡಿ.

ಈಗ ಹೊಸದಕ್ಕೆ ಬರೋಣ. ಮೆಹ್ದಿ ಅಖವಾನ್ ಸಾಲೆಸ್ ಬರೆದ ‘ಜ಼ೆಮೆಸ್ತಾನ್’, ಅಂದರೆ ‘ಚಳಿಗಾಲ’. 1953ರಲ್ಲಿ ಇರಾನಿನ ಪ್ರಧಾನಿ ಮೊಸದ್ದೆಗ್ ಸರ್ಕಾರವನ್ನು ಉರುಳಿಸಿದ ಮೇಲಿನ ವರ್ಷಗಳ ಕವಿತೆ. ಜನರು ಒಬ್ಬರನ್ನೊಬ್ಬರು ಮಾತನಾಡಿಸಲೂ ಅಂಜುತ್ತಿದ್ದ ಕಾಲ ಅದು. ಕವಿತೆ ಹೀಗೆ ಶುರುವಾಗುತ್ತದೆ:

ಸಲಾಮತ್ ರಾ ನೆಮೀಖಾಹಂದ್ ಪಾಸೊಖ್ ಗೊಫ಼್ತ್, ಸರ್‌ಹಾ ದರ್ ಗೆರೀಬಾನ್ ಅಸ್ತ್

(ನಿನ್ನ ನಮಸ್ಕಾರಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ತಲೆಗಳು ಕೊರಳಪಟ್ಟಿಯೊಳಗೆ ಹುದುಗಿವೆ.)

‘ಸ’ಗಳಿಗೆ ಗೆರೆ ಎಳೆಯಿರಿ. ಸಲಾಮ್, ಪಾಸೊಖ್, ಸರ್, ಅಸ್ತ್. ಮುಂದೆ ಕವಿ ಹೇಳುತ್ತಾನೆ, ಪ್ರೀತಿಯಿಂದ ಕೈ ಚಾಚಿದರೂ ಎದುರಿನವನು ಒಲ್ಲದ ಮನಸ್ಸಿನಿಂದ ಕಂಕುಳಿಂದ ಕೈ ಹೊರತೆಗೆಯುತ್ತಾನೆ. ಯಾಕೆ?

ಕೆ ಸರ್ಮಾ ಸಖ್ತ್ ಸೂಜ಼ಾನ್ ಅಸ್ತ್

(ಯಾಕಂದರೆ ಚಳಿ ಭಾರಿ ಸುಡುತ್ತಿದೆ.)

ಹಲ್ಲು ಕಚ್ಚಿ ಉಸಿರೆಳೆದುಕೊಂಡ ಹಾಗೆ ‘ಸ, ಸ, ಸ’. ನಮ್ಮ ಹುಡುಗರು ದಿನಕ್ಕೆ ಹತ್ತು ಸಲ ಹೇಳುವ ‘ಸಖತ್’ ಇದೇ ‘ಸಖ್ತ್’. ಬೀದರ್, ವಿಜಯಪುರದ ದರ್ಬಾರುಗಳಲ್ಲಿ ತಲೆಮಾರುಗಟ್ಟಲೆ ಪರ್ಷಿಯನ್ ನಡೆದ ಕಾರಣ ನಮ್ಮ ಬಾಯಲ್ಲಿ ಇಂಥ ಪದಗಳು ಬೇಕಾದಷ್ಟಿವೆ. ಗುರುತು ಸಿಕ್ಕಾಗೆಲ್ಲ ಸಾಲು ಸ್ವಲ್ಪ ಹತ್ತಿರ ಬರುತ್ತದೆ.

ಈ ಸಾಲುಗಳಲ್ಲಿ ನೀಮಾ ತಂದ ಬದಲಾವಣೆಯೂ ಕೇಳುತ್ತದೆ. ‘ಸ-ಲಾ-ಮತ್-ರಾ’ ಎಂಬ ಗಿಡ್ಡ-ಉದ್ದ-ಉದ್ದ-ಉದ್ದ ನಡೆಯನ್ನು ಕೈತಟ್ಟಿ ಎಣಿಸಿ. ಮೊದಲ ಸಾಲಿನಲ್ಲಿ ಅದು ಐದು ಸಲ ಬರುತ್ತದೆ. ಅದರ ಮುಂದಿನ ಸಾಲಿನಲ್ಲೂ ಐದು ಸಲ. ‘ಕೆ ಸರ್ಮಾ ಸಖ್ತ್ ಸೂಜ಼ಾನ್ ಅಸ್ತ್’ ಎಂಬಲ್ಲಿ ಎರಡೇ ಸಲ. ನಡೆ ಅದೇ, ಹೆಜ್ಜೆಗಳು ಕಮ್ಮಿ. ಚಳಿಯಲ್ಲಿ ಜಾಸ್ತಿ ಮಾತಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಸ ಅಂದರೆ ಚಳಿ’ ಎಂದು ಬರೆದಿಟ್ಟುಕೊಳ್ಳಬೇಡಿ. ಸೆಪೆಹ್ರಿ ತನ್ನ ಬಗ್ಗೆ ಹೇಳಿಕೊಳ್ಳುವ ಸಾಲು ಹೀಗಿದೆ:

ಅಹ್ಲ್-ಎ ಕಾಶಾನಮ್
ರೂಜ಼್‌ಗಾರಮ್ ಬದ್ ನೀಸ್ತ್
ತೆಕ್ಕೆ ನಾನೀ ದಾರಮ್, ಖೊರ್ದೆ ಹೂಶೀ, ಸರ್-ಎ ಸೂಜ಼ನ್ ಜ಼ೌಕೀ

(ಕಾಶಾನ್ ಊರಿನವನು, ಬದುಕು ಪರವಾಗಿಲ್ಲ. ಒಂದು ತುಂಡು ರೊಟ್ಟಿ ಇದೆ, ಚೂರು ಬುದ್ಧಿ, ಸೂಜಿಮೊನೆಯಷ್ಟು ರಸಿಕತೆ.)

‘ಸರ್-ಎ ಸೂಜ಼ನ್’, ಅಂದರೆ ಸೂಜಿಮೊನೆ. ಅಖವಾನನ ‘ಸರ್ಮಾ’, ‘ಸೂಜ಼ಾನ್’ ಪಕ್ಕ ಇಟ್ಟು ನೋಡಿ. ಸದ್ದು ಹೆಚ್ಚುಕಮ್ಮಿ ಒಂದೇ. ‘ಸೂಜ಼ನ್’ ಎಂಬುದನ್ನು ‘ಸೂಜ಼ಾನ್’ ಎಂದು ಎಳೆದರೆ ಸೂಜಿ ಹೋಗಿ ಸುಡುವುದು ಬರುತ್ತದೆ, ಅಷ್ಟೇ. ಆದರೆ ಸೆಪೆಹ್ರಿಯ ಸಾಲಿನಲ್ಲಿ ಚಳಿಯೂ ಇಲ್ಲ, ಹೆದರಿಕೆಯೂ ಇಲ್ಲ. ಒಬ್ಬ ಸಾಧು ಮನುಷ್ಯ ನಗುನಗುತ್ತಾ ಮಾತಾಡುತ್ತಿದ್ದಾನೆ. ಸದ್ದು ತಾನೇ ಅರ್ಥ ಹೊತ್ತು ತರುವುದಿಲ್ಲ. ಸಾಲಿನ ಅರ್ಥ ಸದ್ದನ್ನು ಕೆಲಸಕ್ಕೆ ಹಚ್ಚುತ್ತದೆ. ಮೊದಲು ಅರ್ಥ ಕೇಳಿ, ಆಮೇಲೆ ಸದ್ದು ಅದಕ್ಕೆ ಏನು ಮಾಡುತ್ತಿದೆ ಅಂತ ನೋಡಿ.

ಹಂತ 3: ಸ್ವರಗಳನ್ನು ಎಣಿಸಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನೀಮಾನ ‘ಆಯ್ ಆದಮ್‌ಹಾ’ ಕವಿತೆಯಲ್ಲಿ ಒಬ್ಬ ನೀರಿನಲ್ಲಿ ಮುಳುಗುತ್ತಿದ್ದಾನೆ, ದಡದಲ್ಲಿ ಜನ ಆರಾಮಾಗಿ ಕೂತಿದ್ದಾರೆ:

ಆಯ್ ಆದಮ್‌ಹಾ ಕೆ ಬರ್ ಸಾಹೆಲ್ ನೆಶಸ್ತೆ ಶಾದ್-ಒ ಖಂದಾನೀದ್
ಯೆಕ್ ನಫ಼ರ್ ದರ್ ಆಬ್ ದಾರದ್ ಮೀಸೆಪಾರದ್ ಜಾನ್

(ಓ ಜನರೇ, ದಡದಲ್ಲಿ ಕೂತು ಖುಷಿಯಾಗಿ ನಗುತ್ತಿರುವವರೇ, ಒಬ್ಬ ನೀರಿನಲ್ಲಿ ಪ್ರಾಣ ಬಿಡುತ್ತಿದ್ದಾನೆ.)

ಉದ್ದ ‘ಆ’ ಮೊದಲ ಸಾಲಿನಲ್ಲಿ ಆರು, ಎರಡನೆಯದರಲ್ಲಿ ನಾಲ್ಕು. ಬಾಯಿ ಪೂರ್ತಿ ತೆರೆಯದೆ ಇದನ್ನು ಓದಲು ಆಗುವುದಿಲ್ಲ. ಕೂಗುವವನ ಬಾಯಿಯೂ ಹಾಗೇ ತಾನೇ ಇರಬೇಕು. ಆದರೆ ಅದೇ ‘ಆ’ ದಡದವರ ‘ಶಾದ್’, ‘ಖಂದಾನ್’ ಎಂಬ ನಗುವಿನಲ್ಲೂ ಇದೆ, ಸಾಯುವವನ ‘ಆಬ್’, ‘ಜಾನ್’ ಎಂಬುದರಲ್ಲೂ ಇದೆ. ಒಂದೇ ಸ್ವರ ಎರಡು ಕಡೆಯವರಿಗೂ ಸೇರಿದೆ. ಅವರು ಕೇಳಿಸಿಕೊಳ್ಳುವುದಿಲ್ಲ, ಅಷ್ಟೇ.

ಹಂತ 4: ಅವಳಿ ಪದಗಳನ್ನು ಹುಡುಕಿ

ಸದ್ದಿನಲ್ಲಿ ಒಂದೆರಡು ಅಕ್ಷರ ಮಾತ್ರ ಬೇರೆಯಾಗಿರುವ, ಅರ್ಥದಲ್ಲಿ ದೂರವಿರುವ ಪದಗಳ ಜೋಡಿಗೆ ‘ಜೆನಾಸ್’ ಎಂದು ಹೆಸರು. ಹಳೆಯ ಗಜಲ್ ಕವಿ ಹಾಫ಼ಿಜ಼್‌ನಲ್ಲಿ ‘ಖಿಯಾಲ್’ (ಕಲ್ಪನೆ), ‘ಖಾಲ್’ (ಮಚ್ಚೆ) ಅಕ್ಕಪಕ್ಕ ಬರುತ್ತವೆ. ಪಂಡಿತರು ಇದರಲ್ಲಿ ಹತ್ತಾರು ಒಳಬಗೆ ಹೇಳುತ್ತಾರೆ. ಇರಾನಿನ ಮಕ್ಕಳು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗಾಗಿ ಈ ಹೆಸರುಗಳನ್ನೆಲ್ಲ ಉರುಹೊಡೆಯುತ್ತಾರೆ. ನಮಗೆ ಅದು ಬೇಡ. ಜೋಡಿ ಸಿಕ್ಕಿತಾ, ಅದು ಏನು ಮಾಡುತ್ತಿದೆ ಅನ್ನುವುದು ಸಾಕು.

ನೀಮಾನ ಹೆಸರಾಂತ ಸಾಲುಗಳು:

ಮೀತರಾವದ್ ಮಹ್ತಾಬ್
ಮೀದೆರಖ್ಶದ್ ಶಬ್‌ತಾಬ್

(ಬೆಳದಿಂಗಳು ಜಿನುಗುತ್ತಿದೆ, ಮಿಂಚುಹುಳ ಹೊಳೆಯುತ್ತಿದೆ.)

‘ಮಹ್’ ಚಂದ್ರ, ‘ಶಬ್’ ರಾತ್ರಿ, ‘ತಾಬ್’ ಹೊಳಪು. ಬಾನಿನ ದೊಡ್ಡ ಬೆಳಕು, ಪೊದೆಯ ಸಣ್ಣ ಬೆಳಕು, ಎರಡಕ್ಕೂ ಒಂದೇ ಬಾಲ. ಆಮೇಲೆ ಬರುವ ಸಾಲಿನ ನಡುವೆ ‘ಖಾಬ್’, ಅಂದರೆ ನಿದ್ದೆ, ಮೆಲ್ಲಗೆ ಇದೇ ಪ್ರಾಸಕ್ಕೆ ಸೇರಿಕೊಳ್ಳುತ್ತದೆ. ಊರೆಲ್ಲ ಮಲಗಿದೆ, ಅವರ ಚಿಂತೆಯಲ್ಲಿ ಕವಿಗೆ ನಿದ್ದೆಯಿಲ್ಲ. ಮಹ್ತಾಬ್, ಶಬ್‌ತಾಬ್ ಎಂದು ಹಿತವಾಗಿ ತೂಗಿಸಿಕೊಂಡು ಬಂದ ಕಿವಿಗೆ ‘ಖಾಬ್’ ಬಂದಾಗ ಅದು ಮುರಿದ ನಿದ್ದೆ ಎಂದು ಗೊತ್ತಾಗುತ್ತದೆ.

ಇನ್ನೂ ಚೆಂದದ್ದು ಫ಼ೊರೂಗ್‌ಳದು. 1967ರ ಫೆಬ್ರವರಿಯಲ್ಲಿ, 32ನೇ ವಯಸ್ಸಿನಲ್ಲೇ, ಕಾರು ಅಪಘಾತದಲ್ಲಿ ತೀರಿಕೊಂಡವಳು. ಅವಳ ಈ ಸಾಲನ್ನು ಈಗ ಎಲ್ಲರೂ ಅವಳನ್ನೇ ನೆನೆದು ಓದುತ್ತಾರೆ:

ಪರ್ವಾಜ಼್ ರಾ ಬೆ ಖಾತೆರ್ ಬೆಸ್ಪಾರ್
ಪರಂದೆ ಮೊರ್ದನೀಸ್ತ್

(ಹಾರಾಟವನ್ನು ನೆನಪಿನಲ್ಲಿಟ್ಟುಕೋ, ಹಕ್ಕಿ ಸಾಯುವಂಥದ್ದು.)

ಪರ್‌ವಾಜ಼್, ಬೆಸ್‌ಪಾರ್, ಪರ್‌ಅಂದೆ. ಮೂರರಲ್ಲೂ ‘ಪರ್’ ಅಥವಾ ‘ಪಾರ್’. ‘ಪರ್’ ಅಂದರೆ ಪರ್ಷಿಯನ್‌ನಲ್ಲಿ ರೆಕ್ಕೆ, ಗರಿ. ಹಾರಾಟ, ಹಕ್ಕಿ ಎರಡೂ ಒಂದೇ ರೆಕ್ಕೆಯಿಂದ ಹುಟ್ಟಿದ ಮಾತುಗಳು. ಕವಿತೆ ಅವನ್ನೇ ಬೇರೆ ಮಾಡುತ್ತದೆ, ಒಂದು ಉಳಿಯುತ್ತದೆ, ಒಂದು ಹೋಗುತ್ತದೆ. ಸದ್ದು ಒಟ್ಟಿಗೆ ಕಟ್ಟಿದ್ದನ್ನು ಅರ್ಥ ಬಿಡಿಸುತ್ತದೆ. ‘ಮೊರ್ದನೀಸ್ತ್’ ಎಂಬ ಕೊನೆಯ ಮಾತಿನಲ್ಲಿ ಪ ಇಲ್ಲ, ರೆಕ್ಕೆಯೂ ಇಲ್ಲ.

ಒಂದೇ ಪದ ಮತ್ತೆ ಮತ್ತೆ ಬರುವುದನ್ನೂ ಇಲ್ಲೇ ಗುರುತು ಹಾಕಿ. ಫ಼ೊರೂಗ್ ‘ದಸ್ತ್‌ಹಾಯಮ್ ರಾ ದರ್ ಬಾಗ್ಚೆ ಮೀಕಾರಮ್’ ಎನ್ನುತ್ತಾಳೆ. ಕೈಗಳನ್ನು ಕೈತೋಟದಲ್ಲಿ ನೆಡುತ್ತೇನೆ. ಮುಂದೆ, ‘ಸಬ್ಜ಼್ ಖಾಹಮ್ ಶೊದ್, ಮೀದಾನಮ್, ಮೀದಾನಮ್, ಮೀದಾನಮ್.’ ಹಸಿರಾಗುತ್ತೇನೆ, ಗೊತ್ತು, ಗೊತ್ತು, ಗೊತ್ತು. ಮೂರು ಸಲ ಹೇಳಿದ್ದರಿಂದ ನಂಬಿಕೆ ಗಟ್ಟಿಯಾಯಿತೇ, ಅನುಮಾನ ಬಂತೇ? ನನಗೆ ಎರಡೂ ಕೇಳುತ್ತದೆ. ‘ಮೀಕಾರಮ್’ ಮತ್ತು ‘ಮೀದಾನಮ್’ ಒಂದೇ ಅಚ್ಚಿನವು ಅನ್ನುವುದನ್ನೂ ನೋಡಿ. ನೆಡುವುದು ಮತ್ತು ತಿಳಿಯುವುದು ಒಂದೇ ತಾಳಕ್ಕೆ ಬಿದ್ದಿವೆ.

ಹಂತ 5: ‘ಒ’ ಜೋಡಿ, ‘ಎ’ ಜೋಡಿ ಬೇರೆ ಮಾಡಿ

ಪರ್ಷಿಯನ್‌ನಲ್ಲಿ ಎರಡು ಪದಗಳನ್ನು ಅಂಟಿಸುವ ಗೋಂದು ಎರಡು ಬಗೆಯದು. ‘ಒ’ ಅಂದರೆ ‘ಮತ್ತು’. ‘ಎ’ ಅಂದರೆ ಹೆಚ್ಚುಕಮ್ಮಿ ನಮ್ಮ ‘-ಅ’, ‘-ಇನ’ ಇದ್ದಂತೆ. ಆದರೆ ಅನುಕ್ರಮ ತಲೆಕೆಳಗು. ‘ಬರ್ಗ್-ಎ ದೆರಖ್ತ್’ ಅಂದರೆ ಎಲೆ-ಮರದ, ನಾವು ಮರದ ಎಲೆ ಎನ್ನುತ್ತೇವೆ. ಹಾಳೆಯಲ್ಲಿ ಎರಡು ಕಾಲಂ ಮಾಡಿ, ಎರಡನ್ನೂ ಬೇರೆ ಬೇರೆ ಬರೆಯಿರಿ.

‘ಒ’ ಜೋಡಿಗಳು ಬಹುಪಾಲು ಹಳೆಯವು, ಆಡುಮಾತಿನವು. ‘ಶಾದ್-ಒ ಖಂದಾನ್’, ‘ನರ್ಮ್-ಒ ಆಹೆಸ್ತೆ’ (ಮೆತ್ತಗೆ, ನಿಧಾನಕ್ಕೆ), ‘ಬಾಲ್-ಒ ಪರ್’ (ರೆಕ್ಕೆಪುಕ್ಕ). ಕನ್ನಡದ ಜೋಡುನುಡಿಗಳಂತೆಯೇ. ಆಡುಮಾತಿನಲ್ಲಿ ನಾವು ‘ಪುಸ್ತಕ-ಗಿಸ್ತಕ’ ಎನ್ನುತ್ತೇವಲ್ಲ, ಅವರು ‘ಕೆತಾಬ್-ಮೆತಾಬ್’ ಎನ್ನುತ್ತಾರೆ. ನಮ್ಮ ‘ಗಿ’ ಜಾಗದಲ್ಲಿ ಅವರಿಗೆ ‘ಮ’. ಈ ಬೀದಿಯ, ಅಜ್ಜಿಕತೆಯ ಮಾತನ್ನು ಶಾಮ್ಲೂ 1953ರ ‘ಪರಿಯಾ’ (ಕಿನ್ನರಿಯರು) ಕವಿತೆಗೆ ತಂದ. ಅದು ಇರಾನಿನ ಅಜ್ಜಿಯರು ಕತೆ ಶುರು ಮಾಡುವ ಮಾತಿನಿಂದಲೇ ಹೊರಡುತ್ತದೆ:

ಯೆಕೀ ಬೂದ್ ಯೆಕೀ ನಬೂದ್
ಜ಼ೀರ್-ಎ ಗೊಂಬದ್-ಎ ಕಬೂದ್

(ಒಬ್ಬ ಇದ್ದ, ಒಬ್ಬ ಇರಲಿಲ್ಲ, ನೀಲಿ ಗುಮ್ಮಟದ ಕೆಳಗೆ.) ಬೂದ್, ನಬೂದ್, ಕಬೂದ್. ಇದ್ದದ್ದು, ಇಲ್ಲದ್ದು, ಆಕಾಶದ ನೀಲಿ ಮೂರೂ ಒಂದೇ ಪ್ರಾಸ. ಗೊಂಬದ್ ನಮ್ಮ ಗುಮ್ಮಟವೇ. ಇದೇ ಶಾಮ್ಲೂ ಬಿಳಿ ಕವಿತೆಯ ಕವಿ ಅನ್ನುವುದನ್ನು ಮರೆಯಬೇಡಿ. ಛಂದಸ್ಸು ಬೇಡ ಅಂದವನಿಗೆ ಸದ್ದು ಬೇಡವಾಗಿರಲಿಲ್ಲ.

‘ಎ’ ಜೋಡಿಗಳು ಇನ್ನೊಂದು ಲೋಕ. ಹೊಸ ಕವಿಗಳ ನಿಜವಾದ ಕಸುಬು ಇರುವುದು ಅಲ್ಲೇ. ‘ಒ’ ಅಕ್ಕಪಕ್ಕ ಕೂರಿಸುತ್ತದೆ. ‘ಎ’ ಒಂದನ್ನು ಇನ್ನೊಂದರ ಸ್ವತ್ತು ಮಾಡುತ್ತದೆ. ಅದಕ್ಕೇ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪದಗಳ ನಡುವೆ ಒಂದು ‘ಎ’ ಇಟ್ಟರೆ ಸಾಕು, ಹೊಸದೇನೋ ಹುಟ್ಟಿಬಿಡುತ್ತದೆ. ಈ ಕಾಲಂ ತುಂಬಿದ ಮೇಲೆ ಪ್ರತಿ ಜೋಡಿಗೂ ಒಂದು ಪ್ರಶ್ನೆ ಕೇಳಿ: ಇವೆರಡನ್ನು ಬೀದಿಯಲ್ಲಿ ಯಾರಾದರೂ ಒಟ್ಟಿಗೆ ಹೇಳುತ್ತಾರಾ? ಹೇಳುತ್ತಾರೆ ಅಂದರೆ ದಾಟಿ ಹೋಗಿ. ಇಲ್ಲ ಅಂದರೆ ಅಲ್ಲಿ ನಿಲ್ಲಿ.

ಸೆಪೆಹ್ರಿಯ ಗೋರಿಕಲ್ಲು ಕಾಶಾನ್ ಹತ್ತಿರದ ಮಶ್‌ಹದ್-ಎ ಅರ್ದೆಹಾಲ್‌ನಲ್ಲಿದೆ. ಅದರ ಮೇಲೆ ಅವನದೇ ಸಾಲುಗಳಿವೆ:

ಬೆ ಸೊರಾಗ್-ಎ ಮನ್ ಅಗರ್ ಮೀಆಯೀದ್
ನರ್ಮ್-ಒ ಆಹೆಸ್ತೆ ಬಿಯಾಯೀದ್, ಮಬಾದಾ ಕೆ ತರಕ್ ಬರ್‌ದಾರದ್
ಚೀನೀ-ಯೆ ನಾಜ಼ೊಕ್-ಎ ತನ್‌ಹಾಯೀ-ಯೆ ಮನ್

(ನನ್ನನ್ನು ಹುಡುಕಿ ಬರುವುದಾದರೆ ಮೆತ್ತಗೆ, ನಿಧಾನಕ್ಕೆ ಬನ್ನಿ. ಬಿರುಕು ಬಿಟ್ಟೀತು ನನ್ನ ಒಂಟಿತನದ ನಾಜೂಕು ಪಿಂಗಾಣಿ.)

‘ಚೀನೀ’ ಪಿಂಗಾಣಿ, ‘ನಾಜ಼ೊಕ್’ ನಾಜೂಕು. ಇಲ್ಲಿಯವರೆಗೆ ಮನೆಮಾತು. ‘ತನ್‌ಹಾಯೀ’ ಒಂಟಿತನ. ಇದು ಬಂದಾಗಲೇ ತಟ್ಟೆ ಹೋಗಿ ಮನಸ್ಸು ಕೈಗೆ ಬರುತ್ತದೆ. ಸದ್ದನ್ನೂ ಕೇಳಿ. ಮ, ನ, ಯ, ಈ ಎಲ್ಲ ಮೆತ್ತನೆಯ ಸದ್ದುಗಳ ನಡುವೆ ‘ತರಕ್’ ಎಂಬುದೊಂದೇ ಟಕ್ಕೆನ್ನುತ್ತದೆ. ಬಿರುಕು ಎಂಬ ಪದವೇ ಸಾಲಿನಲ್ಲಿ ಬಿರುಕು ಬಿಡಿಸಿದೆ.

ಹಂತ 6: ಪದಗಳ ಮನೆತನ ನೋಡಿ

ಒಂದೇ ಲೋಕಕ್ಕೆ ಸೇರಿದ ಪದಗಳನ್ನು ಒಂದೆಡೆ ತರುವುದಕ್ಕೆ ‘ಮೊರಾಆತ್-ಎ ನಜ಼ೀರ್’ ಎಂಬ ಹಳೆಯ ಹೆಸರಿದೆ. ಹಳಬರು ಹೂ, ಬುಲ್‌ಬುಲ್, ತೋಟ ಎಂದು ಒಂದೇ ಮನೆಯವರನ್ನು ಕರೆದು ಕೂರಿಸುತ್ತಿದ್ದರು. ಸೆಪೆಹ್ರಿ ಎರಡು ಮನೆಗಳ ನಡುವೆ ಮದುವೆ ಮಾಡಿಸುತ್ತಾನೆ:

ಮನ್ ಮೊಸಲ್ಮಾನಮ್
ಕೆಬ್ಲೆ-ಅಮ್ ಯೆಕ್ ಗೊಲ್-ಎ ಸೊರ್ಖ್
ಜಾನಮಾಜ಼ಮ್ ಚೆಶ್ಮೆ, ಮೊಹ್ರಮ್ ನೂರ್
ದಶ್ತ್ ಸಜ್ಜಾದೆ-ಯೆ ಮನ್

(ನಾನು ಮುಸಲ್ಮಾನ. ನನ್ನ ಕಿಬ್ಲಾ ಒಂದು ಕೆಂಗುಲಾಬಿ. ನಮಾಜಿನ ಹಾಸು ಒರತೆ, ನನ್ನ ಮೊಹ್ರ್ ಬೆಳಕು. ಬಯಲೇ ನನ್ನ ಪ್ರಾರ್ಥನೆಯ ಚಾಪೆ.)

‘ಕಿಬ್ಲಾ’ ಅಂದರೆ ನಮಾಜು ಮಾಡುವಾಗ ಮುಖ ಮಾಡುವ ದಿಕ್ಕು. ‘ಮೊಹ್ರ್’ ಅಂದರೆ ಶಿಯಾ ಮುಸ್ಲಿಮರು ನಮಾಜಿನಲ್ಲಿ ಹಣೆ ತಾಗಿಸುವ ಮಣ್ಣಿನ ಬಿಲ್ಲೆ. ಒಂದು ಕಡೆ ಕಿಬ್ಲಾ, ಹಾಸು, ಮೊಹ್ರ್, ಚಾಪೆ. ಇನ್ನೊಂದು ಕಡೆ ಗುಲಾಬಿ, ಒರತೆ, ಬೆಳಕು, ಬಯಲು. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಬರೆದು ಗೆರೆ ಎಳೆದರೆ ಒಂದೂ ತಪ್ಪದೆ ಕೂಡಿಕೊಳ್ಳುತ್ತವೆ. ಕವಿ ವಾದ ಮಾಡುವುದಿಲ್ಲ, ಪಕ್ಕ ಪಕ್ಕ ಇಡುತ್ತಾನೆ ಅಷ್ಟೇ.

ಎದುರುಬದುರು ಪದಗಳ ಜೋಡಿ ‘ತಜ಼ಾದ್’. ಅಖವಾನನ ಸುಡುವ ಚಳಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಎರಡು ವಿರುದ್ಧಗಳು ಒಂದರೊಳಗೊಂದು ಸೇರಿವೆ. ಒಂದು ಇಂದ್ರಿಯದ ಮಾತನ್ನು ಇನ್ನೊಂದಕ್ಕೆ ಹೊಂದಿಸುವುದು ‘ಹೆಸ್-ಆಮೀಜ಼ೀ’. ಬೀಸುವ ಕತ್ತಲು ಕಿವಿಗೆ ಕೇಳಿಸಿತಲ್ಲ, ಅದು.

ಶಾಮ್ಲೂನಲ್ಲಿ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಗಣ ಬಿಟ್ಟ ಮೇಲೆ ಅವನು ಹಳೆಯ ಗದ್ಯದ, ಅದರಲ್ಲೂ ಬೇಹಗಿ ಎಂಬ ಹಳೆಯ ಇತಿಹಾಸಕಾರನ ಗ್ರಂಥದ, ಗತ್ತನ್ನು ತಂದುಕೊಂಡ. ಸಾವಿಗೆ ಅಂಜದವರ ಬಗ್ಗೆ ಅವನು ಬರೆದದ್ದು:

ಕಾಶೆಫ಼ಾನ್-ಎ ಚೆಶ್ಮೆ
ಕಾಶೆಫ಼ಾನ್-ಎ ಫ಼ೊರೂತನ್-ಎ ಶೌಕರಾನ್

(ಒರತೆಯನ್ನು ಕಂಡುಹಿಡಿದವರು, ವಿಷವನ್ನು ಕಂಡುಹಿಡಿದ ವಿನಯವಂತರು.) ಮುಂದೆ ಜ್ವಾಲಾಮುಖಿಯಲ್ಲಿ ಸಂತೋಷ (ಶಾದೀ) ಹುಡುಕುವವರು ಬರುತ್ತಾರೆ, ನೋವಿನ ರಾತ್ರಿಟೋಪಿಯಿಂದ (ಶಬ್‌ಕೊಲಾಹ್-ಎ ದರ್ದ್) ನಗು ತೆಗೆಯುವ ಜಾದೂಗಾರರು ಬರುತ್ತಾರೆ. ‘ಶ’ ಸದ್ದು ಎಲ್ಲರ ಜೊತೆಗೂ ನಡೆಯುತ್ತದೆ. ಪ್ರತಿ ಸಾಲಿನಲ್ಲೂ ಒಂದು ಒಳ್ಳೆಯದು, ಒಂದು ಘೋರ, ನಡುವೆ ಬೆಸುಗೆ. ಅದೇ ಕವಿತೆಯಲ್ಲಿ ಅವರ ಬದುಕು ‘ದೂಶಾದೂಶ್-ಎ ಮರ್ಗ್, ಪೀಶಾಪೀಶ್-ಎ ಮರ್ಗ್’. ಸಾವಿನ ಹೆಗಲಿಗೆ ಹೆಗಲು, ಸಾವಿಗಿಂತ ಮುಂದೆ ಮುಂದೆ.

ಹಂತ 7: ಒಂದು ಪದ ಬದಲಿಸಿ ನೋಡಿ

ನೀವು ಹಿಡಿದ ಜೋಡಿಗೆ ನಿಜವಾಗಿ ತೂಕ ಇದೆಯೋ, ಸುಮ್ನೆ ಬಿದ್ದದ್ದೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ನಿಘಂಟಿನಲ್ಲಿ ಸಮಾನಾರ್ಥಕ ಪದ ಹುಡುಕಿ, ಸಾಲಿನಲ್ಲಿ ಹಾಕಿ, ಗಟ್ಟಿಯಾಗಿ ಓದಿ.

‘ಪರಂದೆ’ ಬದಲು ‘ಮೊರ್ಗ್’ ಹಾಕಿ. ಅದಕ್ಕೂ ಹಕ್ಕಿ ಎಂದೇ ಅರ್ಥ. ‘ಮೊರ್ಗ್ ಮೊರ್ದನೀಸ್ತ್’. ಸದ್ದು ಕೆಟ್ಟಿಲ್ಲ, ‘ಮೊರ್, ಮೊರ್’ ಎಂದು ಹೊಸ ಜೋಡಿಯೇ ಬಂತು. ಆದರೆ ಹಾರಾಟದ ರೆಕ್ಕೆಯಿಂದ ಹಕ್ಕಿ ಕಳಚಿಹೋಯಿತು. ದಿನದ ಮಾತಿನಲ್ಲಿ ಮೊರ್ಗ್ ಅಂದರೆ ಕೋಳಿಯೂ ಹೌದು. ಅಲ್ಲಿಗೆ ಮುಗಿಯಿತು!

‘ಸರ್ಮಾ ಸಖ್ತ್ ಸೂಜ಼ಾನ್ ಅಸ್ತ್’ ಬದಲು ‘ಹವಾ ಬೆಸ್ಯಾರ್ ಸರ್ದ್ ಅಸ್ತ್’ (ಹವೆ ಬಹಳ ತಣ್ಣಗಿದೆ) ಎಂದು ಓದಿ. ‘ಸ’ ಇನ್ನೂ ಮೂರು ಉಳಿದಿದೆ. ಆದರೂ ಸಾಲು ರೇಡಿಯೋದ ಹವಾಮಾನ ವರದಿಯಂತಾಯಿತು. ‘ಗೆರೀಬಾನ್’ ಜೊತೆಗಿನ ಪ್ರಾಸ ಹೋಯಿತು, ಸುಡುವ ಚಳಿಯೂ ಹೋಯಿತು. ಸದ್ದು ಮತ್ತು ಮಾತಿನ ಜೋಡಿ ಒಂದೇ ಜಾಗದಲ್ಲಿ ಕೂಡಿದಾಗಲೇ ಸಾಲು ನೆನಪಿನಲ್ಲಿ ನಿಲ್ಲುತ್ತದೆ ಅನ್ನುವುದು ಹೀಗೆ ಒಂದೆರಡು ಸಲ ಮಾಡಿದರೆ ಕಿವಿಗೇ ಗೊತ್ತಾಗುತ್ತದೆ.

ಹಂತ 8: ಕನ್ನಡಕ್ಕೆ ತಂದು ನೋಡಿ

ಅನುವಾದ ಮಾಡುವ ಉದ್ದೇಶ ಇಲ್ಲದಿದ್ದರೂ ಒಮ್ಮೆ ಮಾಡಿ. ಅದೇ ಸದ್ದನ್ನು ತರಲು ಹೋಗಬೇಡಿ, ಜೋಡಿಯನ್ನು ತನ್ನಿ. ಬೇಂದ್ರೆಯನ್ನು ಓದಿ ಬೆಳೆದ ಕಿವಿಗೆ ಇದು ಕಷ್ಟವೇನಲ್ಲ.

ನೀಮಾನ ಎರಡು ಸಾಲಿಗೆ ‘ಜಿನುಗುತ್ತಿದೆ ತಿಂಗಳು, ಮಿನುಗುತ್ತಿದೆ ಮಿಂಚುಹುಳು’ ಎನ್ನಬಹುದು. ಮೂಲದಲ್ಲಿ ನಾಮಪದಗಳು ಅವಳಿ, ಇಲ್ಲಿ ಕ್ರಿಯಾಪದಗಳೂ ಅವಳಿಯಾದವು. ‘ಚಳಿ ಚುರ್ರೆಂದು ಸುಡುತ್ತಿದೆ’ ಎಂದರೆ ‘ಸ’ ಬದಲು ‘ಚ’ ಸಿಕ್ಕಿತು. ‘ಹಾರಾಟ ನೆನಪಿರಲಿ, ಹಕ್ಕಿ ಸಾಯುವಂಥದ್ದು’ ಎಂಬಲ್ಲಿ ಹಾ–ಹ ತಾನಾಗಿಯೇ ಬಂತು. ಫ಼ೊರೂಗ್‌ಳ ‘ಬಾದ್ ಬಾ ಬರ್ಗ್-ಎ ದೆರಖ್ತಾನ್ ಮೀಆದೀ ದಾರದ್’ ಎಂಬುದರಲ್ಲಿ ಗಾಳಿ, ಎಲೆ ಎರಡೂ ‘ಬ’ದಿಂದ ಶುರು. ಅದಕ್ಕೆ ‘ಗಾಳಿಗೂ ಗಿಡದೆಲೆಗೂ ಗೊತ್ತುಮಾಡಿದ ಗಳಿಗೆಯೊಂದಿದೆ’ ಎನ್ನಬಹುದು.

ಬಾರದ್ದೂ ಇದೆ. ‘ನನ್ನ ಒಂಟಿತನದ ನಾಜೂಕು ಪಿಂಗಾಣಿ’ ಎಂದಾಗ ‘ನನ್ನ’ ಮೊದಲಿಗೆ ಬಂದುಬಿಡುತ್ತದೆ. ಮೂಲದಲ್ಲಿ ಪಿಂಗಾಣಿಯಿಂದ ಹೊರಟು ಕೊನೆಗೆ ‘ಮನ್’ ಎಂದು ಕವಿಯ ಬಳಿ ತಲುಪುತ್ತೇವೆ. ಕನ್ನಡದ ವಾಕ್ಯ ಆ ನಡಿಗೆಯನ್ನು ಹಿಂದಿನಿಂದ ಶುರು ಮಾಡುತ್ತದೆ. ‘ಪಿಂಗಾಣಿ, ನಾಜೂಕು, ಒಂಟಿತನ, ನನ್ನದು’ ಎಂದು ಕತ್ತರಿಸಿದರೆ ಕ್ರಮ ಉಳಿಯುತ್ತದೆ, ಮೆತ್ತನೆ ಹೋಗುತ್ತದೆ. ಶಾಮ್ಲೂ ಒಂದು ಕಡೆ ‘ಚೆರಾಮರ್ಗ್’ ಎಂಬ ಪದ ಕಟ್ಟಿದ್ದಾನೆ. ‘ಚೆರಾ’ ಯಾಕೆ, ‘ಮರ್ಗ್’ ಸಾವು. ನಾವು ‘ಬೀಚೆರಾ’, ಅಂದರೆ ಯಾಕೆಂದಿಲ್ಲದೆ, ಬದುಕಿದ್ದೇವೆ. ಸಾವಿಗೆ ಅಂಜದ ಅವರಿಗೆ ತಮ್ಮ ‘ಚೆರಾಮರ್ಗ್’ ಗೊತ್ತಿದೆ. ಇದಕ್ಕೆ ಬಿಡಿಸಿ ಹೇಳುವುದೇ ವಾಸಿ.

ಒಬ್ಬರೇ ಮಾಡಿ ನೋಡಲು ನೀಮಾನ ‘ದಾರ್ವಗ್’ ತಕ್ಕ ಕವಿತೆ. ಚಿಕ್ಕದು. ದಾರ್ವಗ್ ಅಂದರೆ ಮಾಜ಼ಂದರಾನಿನ ಮಾತಿನಲ್ಲಿ ಮರಗಪ್ಪೆ. ಅದು ಕೂಗಿದರೆ ಮಳೆ ಬರುತ್ತದೆ ಎಂದು ಅಲ್ಲಿಯ ರೈತರೂ ನಂಬುತ್ತಾರೆ. ಶುರು ಹೀಗಿದೆ:

ಖೊಶ್ಕ್ ಆಮದ್ ಕೆಶ್ತ್‌ಗಾಹ್-ಎ ಮನ್
ದರ್ ಜವಾರ್-ಎ ಕೆಶ್ತ್-ಎ ಹಮ್‌ಸಾಯೆ
ಗರ್ಚೆ ಮೀಗೂಯಂದ್: ಮೀಗೆರ್ಯಂದ್ ರೂಯ್-ಎ ಸಾಹೆಲ್-ಎ ನಜ಼್ದೀಕ್
ಸೂಗ್‌ವಾರಾನ್ ದರ್ ಮಿಯಾನ್-ಎ ಸೂಗ್‌ವಾರಾನ್

(ನನ್ನ ಹೊಲ ಒಣಗಿತು, ಪಕ್ಕದವನ ಬೆಳೆಯ ಮಗ್ಗುಲಲ್ಲೇ. ಆದರೂ ಹೇಳುತ್ತಾರೆ: ಹತ್ತಿರದ ದಡದಲ್ಲಿ ಅಳುತ್ತಿದ್ದಾರಂತೆ, ದುಃಖಿಗಳ ನಡುವೆ ದುಃಖಿಗಳು.) ಇದರ ಬೆನ್ನಿಗೆ ಕಪ್ಪೆಯನ್ನು ಕೂಗಿ ‘ಕೇಯ್ ಮೀರಸದ್ ಬಾರಾನ್?’, ಮಳೆ ಯಾವಾಗ ಬರುತ್ತದೆ, ಎಂದು ಕೇಳುತ್ತಾನೆ.

‘ಖೊಶ್ಕ್’ (ಒಣ) ಮತ್ತು ‘ಕೆಶ್ತ್’ (ಬೆಳೆ) ಎಷ್ಟು ಹತ್ತಿರ ಇವೆ ನೋಡಿ. ‘ಸೂಗ್‌ವಾರಾನ್’ ಎಂಬುದರೊಳಗೆ ‘ಬಾರಾನ್’ ಹೇಗೆ ಕೇಳುತ್ತದೆ ನೋಡಿ. ‘ಮೀಗೂಯಂದ್’ ಅಂದರೆ ಹೇಳುತ್ತಾರೆ, ‘ಮೀಗೆರ್ಯಂದ್’ ಅಂದರೆ ಅಳುತ್ತಾರೆ. ಈ ಜೋಡಿಗೆ ಕನ್ನಡದಲ್ಲಿ ‘ಅನ್ನುತ್ತಾರೆ, ಅಳುತ್ತಾರೆ’ ಚೆನ್ನಾಗಿಯೇ ಕೂರುತ್ತದೆ. ದುಃಖ ಮತ್ತು ಮಳೆಗೆ ‘ಅಳು’, ‘ಮಳೆ’ ಎಂದು ಹಿಡಿದರೆ ಒಂದು ‘ಳ’ ಮಾತ್ರ ಸಿಗುತ್ತದೆ. ನಿಮ್ಮ ಊರಿನ ಮಾತಿನಲ್ಲಿ ಇದಕ್ಕಿಂತ ಬಿಗಿಯಾದ ಜೋಡಿ ಇರಬಹುದು, ಹುಡುಕಿ.